ನಟ್ಟನಡುವಿನ ಲೆಕ್ಕ

ನಮ್ಮ ಸೀಮೆಯಲ್ಲಿ ಅಂಚಿನಲ್ಲಿ ಬದುಕುವವರು ಯಾರೂ ಇಲ್ಲ, ಎಲ್ಲರೂ ನಟ್ಟನಡುವೆಯೇ ಇದ್ದಾರೆ. ತಿಪಟೂರಿನವರ ಪ್ರಕಾರ ಅವರೂರ ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಧಾರಣೆ ಗೊತ್ತಾಗುವವರೆಗೂ ದೇಶದ ಯಾವ ಮಿಠಾಯಿ ಅಂಗಡಿಯೂ ಬಾಗಿಲು ತೆಗೆಯುವಂತಿಲ್ಲ. ತುರುವೇಕೆರೆಯವರು ಹೊಯ್ಸಳರ ಕಾಲದ ಗುಡಿಗಳನ್ನು ತೋರಿಸಿ, ಗಂಗಾಧರೇಶ್ವರನ ಮುಂದೆ ಕೂತ ಭಾರಿ ನಂದಿಯನ್ನೂ ತೋರಿಸಿ, ‘ನಾವು ನಡುವೆ ಇಲ್ದಿದ್ರೆ ಅಷ್ಟು ದೊಡ್ಡ ಬಸವಣ್ಣ ಇಲ್ಲಿ ಬಂದು ಕೂರ್ತಿದ್ನಾ?’ ಎಂದು ಕೇಳುತ್ತಾರೆ. ಚಿಕ್ಕನಾಯಕನಹಳ್ಳಿಯವರು ಸುಮ್ಮನೆ ತೀರ್ಥಪುರದ ಕಡೆ ಕೈ ತೋರಿಸುತ್ತಾರೆ. ತೀ.ನಂ.ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ತಾಲ್ಲೂಕು ತಮ್ಮದಾಗಿರುವಾಗ ಕನ್ನಡದ ನಡು ಎಲ್ಲಿದೆ ಎಂಬ ಪ್ರಶ್ನೆಯೇ ಅವರಿಗೆ ಅಪ್ರಸ್ತುತ.

ನಮ್ಮದು ಕಿಬ್ಬನಹಳ್ಳಿ ಕಡೆಯ ತೋಟದ ಮನೆ. ಮೂರು ಪೇಟೆಯವರೂ ನಮ್ಮನ್ನು ‘ಅಲ್ಲೆಲ್ಲೋ ನಡುವೆ ಇರೋರು’ ಅನ್ನುತ್ತಾರೆ. ಅವರು ಹೇಳುವ ಧಾಟಿ ಏನೇ ಇರಲಿ, ನಾನದನ್ನು ಹೊಗಳಿಕೆಯಾಗಿಯೇ ಸ್ವೀಕರಿಸಿದ್ದೇನೆ. ಅದಕ್ಕೆ ಕಾರಣವೂ ಉಂಟು. ಪಿಯುಸಿಯಲ್ಲಿ ನನಗೆ ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಈ ಸಂಗತಿ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವನಿಗೂ ಗೊತ್ತಿದೆ. ಆಮೇಲೆ ನಾನು ಗಣಿತವನ್ನು ಬಿಟ್ಟೆ. ಗಣಿತ ಮಾತ್ರ ನನ್ನ ಮನೆಯವರನ್ನು ಬಿಟ್ಟಿಲ್ಲ.

ಮಗಳು ಈಗ ಪಿಯುಸಿ ಸೈನ್ಸು. ಒಂದು ಸಂಜೆ ಪುಸ್ತಕ ಹಿಡಿದು ಬಂದು, “ಅಪ್ಪ, ಬಳೆಯ ದ್ರವ್ಯರಾಶಿ ಕೇಂದ್ರ ಎಲ್ಲಿರುತ್ತೆ?” ಅಂದಳು.

“ನಡುವೆ.”

“ನಡುವೆ ಬಳೆಯೇ ಇಲ್ವಲ್ಲ?”

ಇಂಥ ಪ್ರಶ್ನೆಗೆ ತಕ್ಷಣ ಉತ್ತರಿಸಬಾರದು, ಕನ್ನಡಕ ಒರೆಸಬೇಕು. ನಾನು ಒರೆಸುತ್ತಿರುವಾಗಲೇ ಒಳಗಿನಿಂದ ನಮ್ಮವ್ವ ಎದ್ದು ಬಂದಳು. “ಏನ್ಲಾ ಮಗಾ, ಕೇಂದ್ರ ತೆರೆದವ್ರಂತಾ? ಪಹಣಿ ಎತ್ಕೊಂಡು ಈಗ್ಲೇ ಓಡು, ತಡ ಮಾಡಿದ್ರೆ ಸಾಲು ಉದ್ದ ಆಯ್ತದೆ.” ಆಕೆಗೆ ಗೊತ್ತಿರುವುದು ಒಂದೇ ಕೇಂದ್ರ, ಕೊಬ್ಬರಿ ಖರೀದಿ ಕೇಂದ್ರ. ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದು ಆಕೆಗೆ ಬಾಯಿಪಾಠ. ಇದು ಬೇರೆ ಕೇಂದ್ರ, ಇದಕ್ಕೆ ಸಾಲು ನಿಲ್ಲಬೇಕಾಗಿಲ್ಲ ಎಂದು ಸಮಾಧಾನ ಹೇಳಿ ಕೂರಿಸಿದೆ.

ಆಮೇಲೆ ಪ್ರಯೋಗಕ್ಕೆ ಇಳಿದೆ. ಮಾತಿನಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ನಾನು ಪ್ರಯೋಗಕ್ಕೆ ಇಳಿಯುವುದು ವಾಡಿಕೆ. ನಮ್ಮ ಮನೆಯ ಮಾಡು ಎತ್ತರ. ಅದಕ್ಕೆಂದೇ ಬಿದಿರಿನ ಗಳದ ತುದಿಗೆ ತೆಂಗಿನ ಕಡ್ಡಿಪೊರಕೆ ಕಟ್ಟಿದ ಬಲೆ ಹೊಡೆಯುವ ಕೋಲು ಒಂದಿದೆ. ಅದನ್ನು ಅಡ್ಡ ಹಿಡಿದು ಎರಡೂ ಕೈಯ ತೋರುಬೆರಳುಗಳ ಮೇಲೆ ಇಟ್ಟೆ. ಬೆರಳುಗಳನ್ನು ಮೆಲ್ಲಗೆ ಒಂದರ ಕಡೆಗೊಂದು ತಂದೆ. ಯಾವ ಬೆರಳ ಮೇಲೆ ಭಾರ ಹೆಚ್ಚು ಬೀಳುತ್ತದೋ ಅಲ್ಲಿ ಘರ್ಷಣೆಯೂ ಹೆಚ್ಚು. ಆ ಬೆರಳು ನಿಲ್ಲುತ್ತದೆ, ಇನ್ನೊಂದು ಜಾರುತ್ತದೆ. ಜಾರಿದ ಬೆರಳು ಹತ್ತಿರ ಬಂದಂತೆ ಅದರ ಮೇಲೆ ಭಾರ ಏರುತ್ತದೆ, ಅದು ನಿಂತು ಮೊದಲಿನದು ಜಾರತೊಡಗುತ್ತದೆ. ಹೀಗೆ ಸರದಿಯ ಮೇಲೆ ಸರಿದು ಎರಡೂ ಬೆರಳು ಕೂಡುವ ಜಾಗವೇ ದ್ರವ್ಯರಾಶಿ ಕೇಂದ್ರ. ಕಣ್ಣು ಮುಚ್ಚಿ ಮಾಡಿದರೂ ತಪ್ಪದು. ಪೊರಕೆಯ ಹತ್ತಿರವೇ ಬೆರಳುಗಳು ಕೂಡಿದವು, ಕೋಲು ಅಲುಗಾಡದೆ ನಿಂತಿತು. ಮಗಳು ಚಪ್ಪಾಳೆ ತಟ್ಟಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪ್ಪಾಳೆ ಕೇಳಿದ ಮೇಲೆ ನಿಲ್ಲಿಸುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. “ಇಲ್ಲಿ ಸರಿಯಾಗಿ ಕತ್ತರಿಸಿದರೆ ಎರಡೂ ತುಂಡು ಸಮತೂಕ” ಎಂದೆ.

“ಇರಲ್ಲ ಅಪ್ಪ” ಎಂದಳು ಮಗಳು.

ಗರಗಸ ತಂದೆ. ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಎರಡನ್ನೂ ಇಟ್ಟಾಗ ಪೊರಕೆಯ ತುಂಡು ದಡ್ಡನೆ ಕೆಳಗೆ ಕೂತಿತು. ಅವ್ವ ತಲೆಯೆತ್ತಿಯೂ ನೋಡದೆ ಹೇಳಿದಳು: “ಏತ ಕಂಡಿಲ್ವೇನ್ಲಾ ನೀನು? ಇತ್ಲಾಗೆ ಗಿಡ್ಡ, ಭಾರದ ಕಲ್ಲು. ಅತ್ಲಾಗೆ ಉದ್ದ, ಹಗುರ. ತೂಕ ಒಂದೇ ಇದ್ರೆ ಅದು ಏತ ಹೆಂಗಾಯ್ತದೆ?” ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ಟಾರ್ಕಿನ ಪಾಠವನ್ನು ನಾಲ್ಕು ವಾಕ್ಯದಲ್ಲಿ ಮುಗಿಸಿದಳು. ಕೇಂದ್ರದ ಎರಡೂ ಕಡೆ ಸರಿದೂಗಬೇಕಾದ್ದು ತೂಕವಲ್ಲ, ತೂಕ ಮತ್ತು ದೂರದ ಗುಣಲಬ್ಧ. ಗಿಡ್ಡ ಕಡೆ ಭಾರ ಹೆಚ್ಚಿರಲೇಬೇಕು.

“ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ” ಎಂದೆ.

ನನ್ನಾಕೆ ಅಡುಗೆಮನೆಯಿಂದ ಬಂದು ಎರಡೂ ತುಂಡುಗಳನ್ನು ನೋಡಿದಳು. ಈಗ ಮನೆಯಲ್ಲಿ ಮಾಡು ಮುಟ್ಟದ ಪೊರಕೆಯೊಂದು, ಪೊರಕೆಯಿಲ್ಲದ ಕೋಲೊಂದು. “ರೀ, ಯುಗಾದಿಗೆ ಬಲೆ ಯಾವ ಅರ್ಥದಲ್ಲಿ ಹೊಡೀಲಿ?” ಎಂದಳು.

ಆ ರಾತ್ರಿ ಮಗಳ ಮೊಬೈಲಿನಲ್ಲಿ ನನಗೆ ಜೀವಮಾನದ ಆಸರೆಯೊಂದು ಸಿಕ್ಕಿತು. ತ್ರಿಕೋನಕ್ಕೆ ಮೂಲೆ ಮೂರೇ. ಕೇಂದ್ರ ಎಷ್ಟು? ಹೈಸ್ಕೂಲಿನಲ್ಲಿ ನಮಗೆ ಹೇಳಿಕೊಟ್ಟದ್ದು ನಾಲ್ಕು. ಮಧ್ಯರೇಖೆಗಳು ಕೂಡುವಲ್ಲಿ ಗುರುತ್ವಕೇಂದ್ರ. ರಟ್ಟಿನ ತ್ರಿಕೋನವನ್ನು ಬೆರಳ ಮೇಲೆ ನಿಲ್ಲಿಸಬೇಕಾದರೆ ಇದು ಬೇಕು. ಮೂರು ಮೂಲೆಗಳಿಗೂ ಸಮದೂರದಲ್ಲಿ ಪರಿಕೇಂದ್ರ, ಮೂರು ಬಾಹುಗಳಿಗೂ ಸಮದೂರದಲ್ಲಿ ಅಂತಃಕೇಂದ್ರ, ಎತ್ತರಗಳು ಕೂಡುವಲ್ಲಿ ಲಂಬಕೇಂದ್ರ. ಇವುಗಳಲ್ಲಿ ಗುರುತ್ವಕೇಂದ್ರ, ಪರಿಕೇಂದ್ರ, ಲಂಬಕೇಂದ್ರ ಮೂರೂ ಒಂದೇ ನೇರದಲ್ಲಿರುತ್ತವೆ ಎಂದು 1765ರಲ್ಲಿ ಆಯ್ಲರ್ ತೋರಿಸಿದ. ಅಂತಃಕೇಂದ್ರ ಮಾತ್ರ ಗ್ರೂಪ್ ಫೋಟೋದಲ್ಲಿ ಮುನಿಸಿಕೊಂಡ ಅಳಿಯನ ಹಾಗೆ ಸಾಲಿನಿಂದ ಆಚೆ ನಿಂತಿರುತ್ತದೆ. ತ್ರಿಕೋನದ ಎರಡು ಬಾಹುಗಳು ಸಮವಾಗಿದ್ದರೆ ಮಾತ್ರ ಸಾಲಿಗೆ ಬರುತ್ತದೆ. ಲಂಬಕೇಂದ್ರದ ವರ್ತನೆ ಇನ್ನೂ ವಿಚಿತ್ರ. ಒಂದು ಕೋನ 90 ಡಿಗ್ರಿ ದಾಟಿದರೆ ಸಾಕು, ಅದು ತ್ರಿಕೋನವನ್ನೇ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತದೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಕ್ಲಾರ್ಕ್ ಕಿಂಬರ್ಲಿಂಗ್ ಎಂಬ ಅಮೆರಿಕದ ಗಣಿತಜ್ಞರು ತ್ರಿಕೋನದ ಕೇಂದ್ರಗಳನ್ನು ಪಟ್ಟಿ ಮಾಡುತ್ತಾ ಕೂತುಬಿಟ್ಟಿದ್ದಾರೆ. 1998ರ ಅವರ ಪುಸ್ತಕದಲ್ಲಿ 400 ಕೇಂದ್ರಗಳಿದ್ದವು. ಅಂತರ್ಜಾಲಕ್ಕೆ ಹತ್ತಿದ ಆ ಪಟ್ಟಿ ಬೆಳೆದು ಈಗ ಹತ್ತಾರು ಸಾವಿರ ದಾಟಿದೆ, ಪ್ರತಿಯೊಂದಕ್ಕೂ ನಂಬರು ಬೇರೆ. ಓದಿ ನನ್ನ ಎದೆ ಹಗುರವಾಯಿತು. ಮೂರು ಮೂಲೆಯ ಒಂದು ಬಡ ಆಕೃತಿಗೇ ಹತ್ತಾರು ಸಾವಿರ ನಡುಗಳಿದ್ದರೆ, ನಡುವಿನ ವಿಷಯದಲ್ಲಿ ಮನುಷ್ಯ ತಪ್ಪು ಮಾಡುವುದಾದರೂ ಹೇಗೆ? ನಾನು ಎಲ್ಲಿ ಬೆರಳಿಟ್ಟರೂ ಅದು ಯಾವುದೋ ನಂಬರಿನ ಕೇಂದ್ರವಾಗಿಯೇ ಇರುತ್ತದೆ. ಅಂದಿನಿಂದ ಮನೆಯ ಸಕಲ ವ್ಯಾಜ್ಯಗಳಲ್ಲೂ ‘ನಾನು ಹೇಳಿದ್ದು ಬೇರೆ ಕೇಂದ್ರ’ ಎಂಬುದೇ ನನ್ನ ಕಡೆಯ ವಕಾಲತ್ತು.

ಈ ವಕಾಲತ್ತಿಗೆ ಮೊದಲ ಕೇಸು ಭಾವಮೈದುನನ ಮಗಳ ಮದುವೆಯಲ್ಲಿ ಬಂತು. “ಭಾವ, ನೀವು ಲೆಕ್ಕದೋರು. ಹುಳಿಯಾರಿನ ನೆಂಟರಿಗೆ, ಚಿಕ್ಕನಾಯಕನಹಳ್ಳಿಯೋರಿಗೆ, ತುರುವೇಕೆರೆಯ ಬೀಗರಿಗೆ, ಮೂವರಿಗೂ ನಡುವಾಗೋ ಹಂಗೆ ಒಂದು ಛತ್ರ ನೋಡಿ” ಎಂದು ಅವನು ಫೋನು ಮಾಡಿದ. ಲೋಕದಲ್ಲಿ ನನ್ನನ್ನು ಲೆಕ್ಕಕ್ಕೆ ಇಟ್ಟಿರುವವನು ಅವನೊಬ್ಬನೇ. ಜಿಲ್ಲಾ ನಕ್ಷೆ ಹಾಸಿ, ಮಗಳ ಜಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ತೆಗೆದು ಕೂತೆ.

ನ್ಯಾಯವಾದ ನಡು ಅಂದರೆ ಮೂವರಿಗೂ ಸಮದೂರ, ಅಂದರೆ ಪರಿಕೇಂದ್ರ. ಲಂಬಾರ್ಧಕಗಳನ್ನು ಎಳೆದೆ. ಎರಡು ಗೆರೆಗಳೂ ಕೂಡುವ ಮನಸ್ಸೇ ಮಾಡದೆ ಪಶ್ಚಿಮಕ್ಕೆ ಓಡಿದವು. ತಿಪಟೂರು ದಾಟಿದವು, ಜಿಲ್ಲೆ ದಾಟಿದವು, ನಕ್ಷೆಯ ಹಾಳೆ ದಾಟಿ ಊಟದ ಮೇಜಿನ ಮೇಲೆ ಬಂದವು. ಹಾಳೆಗೆ ಹಾಳೆ ಅಂಟಿಸಿ ನೋಡಿದರೆ ಹಾಸನ ಜಿಲ್ಲೆಯಲ್ಲಿ ಬೇಲೂರಿನ ಆಸುಪಾಸು ಹೋಗಿ ಕೂಡಿದವು. ತಪ್ಪು ಗೆರೆಯದಲ್ಲ, ಊರುಗಳದು. ಹುಳಿಯಾರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಹೆಚ್ಚು ಕಡಿಮೆ ಒಂದೇ ಗೆರೆಯ ಮೇಲಿವೆ. ಮೂರು ಬಿಂದುಗಳು ನೇರಕ್ಕೆ ಬಂದಷ್ಟೂ ಅವುಗಳ ಪರಿಕೇಂದ್ರ ದೂರ ಓಡುತ್ತದೆ. ಪೂರ್ತಿ ನೇರವಾದರೆ ಅನಂತಕ್ಕೇ ಹೋಗುತ್ತದೆ. “ಬೇಲೂರಲ್ಲಿ ಇಟ್ಕೊಂಡ್ರೆ ಮೂರು ಕಡೆಯೋರಿಗೂ ಒಂದೇ ದೂರ, ಯಾರೂ ತಕರಾರು ಮಾಡೋ ಹಂಗಿಲ್ಲ” ಎಂದೆ. ಭಾವಮೈದುನ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಜನರ ತೂಕ ಸೇರಿಸಿದೆ. ಹೆಚ್ಚು ಮಂದಿ ಬರುವ ಊರು ಕೇಂದ್ರವನ್ನು ತನ್ನ ಕಡೆ ಎಳೆದುಕೊಳ್ಳಬೇಕು. ದ್ರವ್ಯರಾಶಿ ಕೇಂದ್ರದ ಸೂತ್ರವೂ ಅದೇ. ಪಟ್ಟಿಗೆ ಒಬ್ಬೊಬ್ಬರ ಹೆಸರು ಸೇರಿದಾಗಲೂ ಛತ್ರ ಒಂದಿಷ್ಟು ಅತ್ತಿತ್ತ ಸರಿಯಿತು. ಬೀಗರು ಇನ್ನೊಂದು ಬಸ್ಸು ಮಾಡುತ್ತೇವೆ ಅಂದಾಗ ತುರುವೇಕೆರೆ ಕಡೆಗೆ, ಹುಳಿಯಾರಿನ ಅತ್ತೆ ಓಣಿಯನ್ನೇ ಕರೆದಾಗ ಉತ್ತರಕ್ಕೆ. ಅಷ್ಟರಲ್ಲಿ ಅಮೆರಿಕದಲ್ಲಿರುವ ನೆಂಟರ ಹುಡುಗನೊಬ್ಬ ಬರುವುದಾಗಿ ತಿಳಿಸಿದ. 400 ಜನರಲ್ಲಿ ಅವನೊಬ್ಬ. ಆದರೆ ಅವನ ದೂರ ಸುಮಾರು 14,000 ಕಿಲೋಮೀಟರ್. 400ರಿಂದ ಭಾಗಿಸಿದರೆ 35. ಬರುತ್ತಾನೋ ಇಲ್ಲವೋ ಗೊತ್ತಿಲ್ಲದ ಒಬ್ಬ ಹುಡುಗ ಇಡೀ ಮದುವೆಯನ್ನು 35 ಕಿಲೋಮೀಟರ್ ಆಚೆ ಸರಿಸಿಬಿಟ್ಟ. ಸರಾಸರಿಯ ಸ್ವಭಾವವೇ ಹಾಗೆ, ದೂರ ನಿಂತು ಕೂಗುವವನ ಮಾತಿಗೆ ಅದು ಬೇಗ ಬಗ್ಗುತ್ತದೆ. ಅದಕ್ಕೇ ಮಧ್ಯಾಂಕ ಅನ್ನುವ ಇನ್ನೊಂದು ನಡು ಇರುವುದು: ಎಲ್ಲರನ್ನೂ ರಸ್ತೆಯುದ್ದಕ್ಕೂ ಸಾಲಾಗಿ ನಿಲ್ಲಿಸಿ ಸರಿಯಾಗಿ ನಡುವಿನವನು ಯಾರೋ ಅವನ ಊರು. ಕೊನೆಯವನು ಅಮೆರಿಕದಲ್ಲಿದ್ದರೇನು, ಅಂಟಾರ್ಕ್ಟಿಕಾದಲ್ಲಿದ್ದರೇನು, ನಡುವಿನವನು ಕದಲುವುದಿಲ್ಲ. ಒಂದೇ ರಸ್ತೆಯ ಮೇಲೆ ಎಲ್ಲರ ಒಟ್ಟು ಓಡಾಟ ಕಡಿಮೆಯಾಗುವುದೂ ಅಲ್ಲೇ. ಮೂರು ಊರು ತ್ರಿಕೋನವಾಗಿ ಹರಡಿದ್ದರೆ ಒಟ್ಟು ದೂರ ಕನಿಷ್ಠವಾಗುವ ಜಾಗ ಯಾವುದೆಂದು 17ನೇ ಶತಮಾನದಲ್ಲಿ ಫರ್ಮಾ ಕೇಳಿದ್ದ, ಟೊರಿಚೆಲ್ಲಿ ಉತ್ತರ ಹೇಳಿದ್ದ. ನಮ್ಮ ಬಸ್ಸಿನವರು ಇವರಿಬ್ಬರನ್ನೂ ಓದದೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರಕ್ಕೂ ನಮ್ಮ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ಹೋಗುತ್ತಿದ್ದಾರೆ.

ಈ ಎಲ್ಲವನ್ನೂ ಹಾಳೆಯ ಮೇಲೆ ನೀಟಾಗಿ ಬರೆದು ಭಾವಮೈದುನನಿಗೆ ಓದಿ ಹೇಳುವಷ್ಟರಲ್ಲಿ ಮದುವೆ ತಿಪಟೂರಿನಲ್ಲಿ ಎಂದು ಲಗ್ನಪತ್ರಿಕೆ ಅಚ್ಚಾಗಿತ್ತು. “ಅಡುಗೆಯೋರು ತಿಪಟೂರಿನೋರು ಭಾವ, ಹೋಳಿಗೆ ಅವರ ಕೈಯಲ್ಲೇ ಆಗ್ಬೇಕು ಅಂತ ಹೆಂಗಸರೆಲ್ಲ ಹಟ ಹಿಡಿದ್ರು.” ಪ್ರಶ್ನೆ ಊರುಗಳ ನಡುವಿನದೆಂದು ನಾನು ತಿಳಿದಿದ್ದೆ; ಅವರಿಗೆ ಅದು ಎಲೆಯ ನಡುವಿನದಾಗಿತ್ತು.

ತೋಟದಲ್ಲಾದರೂ ಗಣಿತಕ್ಕೆ ಬೆಲೆ ಸಿಗಬೇಕು. ತೆಂಗಿನ ತೋಟವೆಂದರೆ ನೆಲದ ಮೇಲೆ ಬಿಡಿಸಿಟ್ಟ ಜ್ಯಾಮಿತಿಯೇ ಅಲ್ಲವೆ? ಚೌಕ ಪದ್ಧತಿಯಲ್ಲಿ ಮರದಿಂದ ಮರಕ್ಕೆ 30 ಅಡಿ; ಎಕರೆಗೆ 43,560 ಚದರ ಅಡಿ, ಒಂದು ಮರಕ್ಕೆ 900, ಅಲ್ಲಿಗೆ 48 ಮರ. ಅದೇ 30 ಅಡಿಯನ್ನು ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಸಾಲಿನಿಂದ ಸಾಲಿಗೆ 26 ಅಡಿ ಸಾಕು, ಎಕರೆಗೆ 55 ಮರ ಹಿಡಿಯುತ್ತವೆ. ನಮ್ಮ ತಾತ ನೆಟ್ಟದ್ದು ಚೌಕದಲ್ಲಿ, ಅಂದರೆ ಅವರ ಮನಸ್ಸಿನಲ್ಲಿ ಚೌಕವಿತ್ತು. ಅಳೆದದ್ದು ನಾರಿನ ಹಗ್ಗದಲ್ಲಿ. ಬೆಳಗಿನ ಇಬ್ಬನಿಗೆ ನೆನೆದ ಹಗ್ಗದ ಉದ್ದ ಒಂದು, ಮಧ್ಯಾಹ್ನ ಒಣಗಿದ ಹಗ್ಗದ ಉದ್ದ ಇನ್ನೊಂದು. ಆದ್ದರಿಂದ ನಮ್ಮ ತೋಟದಲ್ಲಿ ನಾಲ್ಕು ಮರ ಸೇರಿದರೆ ಚತುರ್ಭುಜವಾಗುತ್ತದೆಯೇ ಹೊರತು ಚೌಕವಾಗುವುದಿಲ್ಲ.

ಹಳೆಯ ಮರಗಳಿಗೆ ವಯಸ್ಸಾಗಿದೆ, ನಾಲ್ಕು ಮರದ ನಡುವೆ ಒಂದೊಂದು ಹೊಸ ಸಸಿ ಇಡಿಸಿ ಎಂದು ನನ್ನಾಕೆ ಹೇಳಿದಳು. ಗುಂಡಿ ತೋಡುವ ಆಳು ಬರುವ ಮೊದಲೇ ಟೇಪು, ದಾರ, ಕಡ್ಡಿ ಹಿಡಿದು ತೋಟಕ್ಕೆ ಹೋದೆ. ಎದುರುಬದುರು ಮರಗಳಿಗೆ ದಾರ ಕಟ್ಟಿ ಕರ್ಣಗಳು ಕೂಡುವಲ್ಲಿ ಒಂದು ಕಡ್ಡಿ ನೆಟ್ಟೆ. ಎದುರು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ನಾಲ್ಕು ಬುಡಗಳ ಸರಾಸರಿ ಸಿಗುತ್ತದೆ. ಅದು ಮೊದಲ ಕಡ್ಡಿಯ ಪಕ್ಕಕ್ಕೆ ಬಿತ್ತು. ಆಕೃತಿಯನ್ನು ತ್ರಿಕೋನಗಳಾಗಿ ಸೀಳಿ ಅವುಗಳ ವಿಸ್ತೀರ್ಣಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ನೆಲದ ಗುರುತ್ವಕೇಂದ್ರ ಸಿಗುತ್ತದೆ. ಅದು ಮೊದಲ ಎರಡೂ ಬಿಂದುಗಳನ್ನು ಒಪ್ಪಲಿಲ್ಲ. ನಾಲ್ಕೂ ಮರಕ್ಕೆ ಸಮದೂರದ ಬಿಂದುವನ್ನು ಹುಡುಕುತ್ತಾ ಬಿಸಿಲೇರಿತು. ಮೂರು ಬಿಂದುಗಳ ಮೂಲಕ ಹಾದುಹೋಗುವ ವೃತ್ತ ಯಾವಾಗಲೂ ಒಂದಿರುತ್ತದೆ, ಅವು ನೇರದಲ್ಲಿರಬಾರದು ಅಷ್ಟೆ. ನಾಲ್ಕನೆಯದು ಅದೇ ವೃತ್ತದ ಮೇಲೆ ಬೀಳಬೇಕೆಂಬ ಜವಾಬ್ದಾರಿ ಯಾರಿಗೂ ಇಲ್ಲ, ನಮ್ಮ ತಾತನಿಗಂತೂ ಇರಲಿಲ್ಲ. ಆ ಕಡ್ಡಿ ಕೈಯಲ್ಲೇ ಉಳಿಯಿತು.

ಆಳು ಬಂದವನು ನೆಲ ನೋಡಲಿಲ್ಲ, ಮೇಲೆ ನೋಡಿದ. “ಈ ಮರ ಬಾಗೈತೆ ಕಣಣ್ಣ. ಬುಡ ಇಲ್ಲಿ, ಸುಳಿ ಅಲ್ಲಿ. ಸಸಿಗೆ ಬೇಕಾದ್ದು ಬಿಸ್ಲು. ಗರಿ ಎಲ್ಲಿ ಬಿಟ್ಟೈತೋ ಅದೇ ನಡು.” ಅವನು ಹೇಳಿದ್ದರಲ್ಲಿ ಶಾಸ್ತ್ರವೂ ಇತ್ತು. ತೆಂಗಿನ ಹೆಚ್ಚಿನ ಬೇರುಗಳು ಬುಡದಿಂದ ಎರಡು ಮೀಟರಿನೊಳಗೇ ಇರುತ್ತವೆ. ಅದರಾಚೆ ನೆಲದಲ್ಲಿ ಪೈಪೋಟಿ ಕಡಿಮೆ, ಉಳಿದ ಜಗಳವೆಲ್ಲ ಮೇಲೆ ಬೆಳಕಿಗಾಗಿ. ನಾನು ನಾಲ್ಕು ಬುಡಗಳ ನಡು ಹುಡುಕುತ್ತಿದ್ದೆ, ಅವನು ನಾಲ್ಕು ಸುಳಿಗಳ ನಡು ನೋಡಿದ. ಹಾರೆ ಹಾಕಿ ಮೂರಡಿ ಉದ್ದ, ಮೂರಡಿ ಅಗಲದ ಗುಂಡಿ ತೆಗೆದ. ನನ್ನ ಕಡ್ಡಿಗಳೆಲ್ಲ ಒಂದಾದ ಮೇಲೊಂದು ಆ ಗುಂಡಿಯೊಳಕ್ಕೇ ಬಿದ್ದವು. ಕೈಯಲ್ಲಿ ಉಳಿದಿದ್ದನ್ನು ಇಸಕೊಂಡು ಸಸಿಗೆ ಊರುಗೋಲು ಕೊಟ್ಟ.

“ನಾನು ಹುಡುಕಿದ್ದು ಬೇರೆ ಕೇಂದ್ರ” ಎಂದೆ.

“ಎಲ್ಲಾ ಒಳಗೇ ಐತಲ್ಲ ಬಿಡಣ್ಣ” ಎಂದ.

ಇಷ್ಟು ಬರೆದ ಮೇಲೆ ಹಾಸ್ಯಲೇಖಕರ ಪದ್ಧತಿಯಂತೆ ಈ ಮನೆಯ ನಿಜವಾದ ಕೇಂದ್ರ ನನ್ನ ಹೆಂಡತಿಯೇ ಎಂದು ಬರೆದು, ಮುಂದಿನ ತಿಂಡಿ ಗಟ್ಟಿ ಮಾಡಿಕೊಳ್ಳೋಣ ಅಂದುಕೊಂಡೆ. ಅವಳೇ ಸೂರ್ಯ, ನಾವೆಲ್ಲ ಗ್ರಹಗಳು ಎಂದು ಒಂದು ಪ್ಯಾರಾ ಬರೆದು ಓದಿ ತೋರಿಸಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. “ಸೂರ್ಯ ಕೂತಲ್ಲೇ ಕೂತಿರ್ತಾನೆ, ಸುತ್ತೋದು ಭೂಮಿ ಅಲ್ವೇನ್ರೀ? ಈ ಮನೇಲಿ ಬೆಳಗ್ಗೆ ಐದಕ್ಕೆ ಎದ್ದು ಸುತ್ತೋದು ಯಾರು, ಪೇಪರ್ ಹಿಡ್ಕೊಂಡು ಕೂತಿರೋದು ಯಾರು?”

ಮಗಳು ನನ್ನ ರಕ್ಷಣೆಗೆ ಬಂದಳು. ಸೂರ್ಯನೂ ಕೂತಲ್ಲಿ ಕೂರುವುದಿಲ್ಲವಂತೆ. ಸೂರ್ಯ, ಗುರು ಇಬ್ಬರೂ ತಮ್ಮ ಸಾಮಾನ್ಯ ದ್ರವ್ಯರಾಶಿ ಕೇಂದ್ರವನ್ನು ಸುತ್ತುತ್ತಾರೆ. ಆ ಬಿಂದು ಸೂರ್ಯನ ನಡುವಿನಿಂದ ಸುಮಾರು 7.4 ಲಕ್ಷ ಕಿಲೋಮೀಟರ್ ದೂರ. ಸೂರ್ಯನ ತ್ರಿಜ್ಯವೇ ಸುಮಾರು 7 ಲಕ್ಷ. ಅಂದರೆ ಕೇಂದ್ರ ಸೂರ್ಯನ ಮೈಯಿಂದ ಆಚೆ, ಖಾಲಿ ಜಾಗದಲ್ಲಿ. ನಮ್ಮ ಭೂಮಿ ಚಂದ್ರರ ಜೋಡಿಗೆ ಅದು ಭೂಮಿಯ ನಡುವಿನಿಂದ 4,670 ಕಿಲೋಮೀಟರ್ ದೂರ, ನೆಲದಿಂದ ಸುಮಾರು 1,700 ಕಿಲೋಮೀಟರ್ ಆಳ. ಚಂದ್ರ ಭೂಮಿಯನ್ನು ಸುತ್ತುತ್ತಾನೆ ಎಂದು ನಾವು ಹೇಳುತ್ತೇವೆ. ಭೂಮಿಯೂ ಅವನಿಗಾಗಿ ಸೊಂಟ ಬಳುಕಿಸುತ್ತಿರುತ್ತದೆ. ಹಾಗಾದರೆ ಅಂಥ ಬಿಂದುವನ್ನು ಹುಡುಕಿದ್ದಾದರೂ ಯಾಕೆ? ಇಬ್ಬರೂ ಎಷ್ಟೇ ಓಲಾಡಲಿ, ಹೊರಗಿನ ಎಳೆತ ಇಲ್ಲದಿದ್ದರೆ ಆ ಬಿಂದು ಮಾತ್ರ ಒಂದೇ ವೇಗದಲ್ಲಿ ನೇರ ಹೋಗುತ್ತದೆ. ಅದರ ಮೇಲೆ ಕೂತು ನೋಡಿದರೆ ಲೆಕ್ಕ ಸಲೀಸು. ಅದಕ್ಕಷ್ಟೇ ಅದು ಬೇಕಾದ್ದು.

“ಅಂದ್ರೆ ಎಲ್ಲಾರೂ ಸುತ್ತೋ ಜಾಗದಲ್ಲಿ ಯಾರೂ ಇಲ್ಲ ಅನ್ನು” ಎಂದಳು ನನ್ನಾಕೆ, ರೊಟ್ಟಿ ತಿರುವಿ ಹಾಕುತ್ತಾ.

ಅವ್ವನಿಗೆ ಇದೊಂದೂ ಹಿಡಿಸಲಿಲ್ಲ. ತಿಪಟೂರು ತಾಲ್ಲೂಕಿನ ಅರಳುಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ 9ನೇ ಶತಮಾನದ ಒಂದು ಚಾವಣಿಯಿದೆ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ತಲೆಯೆತ್ತಿ ನೋಡಿ ಕತ್ತು ಉಳುಕಿಸಿಕೊಂಡವರಲ್ಲಿ ನಾನೂ ಒಬ್ಬ. “ಅಲ್ಲಿ ನೋಡಿಲ್ವಾ? ಸುತ್ತ ಇರೋರು ವಾಹನದ ಮ್ಯಾಲೆ ಕೂತವ್ರೆ. ಕುಣೀತಿರೋನು ನಡೂನೋನು” ಎಂದಳು ಅವ್ವ. ಅತ್ತೆ ಸೊಸೆ ಒಂದೇ ಪಕ್ಷ ಸೇರಿದ್ದು ಅಪರೂಪ. ಆಗ ನನ್ನ ಪರವಾಗಿ ನಿಂತದ್ದು ಭೌತಶಾಸ್ತ್ರ ಮಾತ್ರ. ಒಂಟಿಕಾಲಿನಲ್ಲಿ ನಿಂತ ನರ್ತಕನ ದ್ರವ್ಯರಾಶಿ ಕೇಂದ್ರ ಆ ಪಾದದ ನೇರಕ್ಕೇ ಬರಬೇಕು. ಒಂದು ಕೈ ಅತ್ತ ಚಾಚಿದರೆ ಸೊಂಟ ಇತ್ತ ಸರಿಯಬೇಕು. ಕುಣಿಯುವವನಿಗೂ ತನ್ನ ನಡು ಎಲ್ಲಿದೆಯೆಂದು ಕ್ಷಣಕ್ಷಣಕ್ಕೂ ಗೊತ್ತಿರಬೇಕು ಎಂದು ವಿವರಿಸಲು ನಾನೇ ಒಂಟಿಕಾಲಿನಲ್ಲಿ ನಿಂತೆ. ಹಿಟ್ಟಿನ ಡಬ್ಬ ಉರುಳಿದ ಸದ್ದು ಪಕ್ಕದ ತೋಟಕ್ಕೂ ಕೇಳಿಸಿತಂತೆ.

ಶಿಕ್ಷೆಯೆಂಬಂತೆ ಅಟ್ಟ ಹತ್ತಿ ಕೊಬ್ಬರಿಯಾದ ಕಾಯಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಬಿಸಿಲಿಗೆ ಒಡೆದು ಹಾಕಿದ ಹೋಳಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ, ಇಡೀ ಉಂಡೆಯಾಗಿ ಒಳಗೆ ಉರುಳುತ್ತದೆ. ಒಂದೊಂದು ಕಾಯನ್ನೂ ಕೈಯಲ್ಲಿ ಹಿಡಿದಾಗ ನನಗೊಂದು ಚೆಂದದ ಲೆಕ್ಕ ಹೊಳೆಯಿತು. ನೀರು ತುಂಬಿದ ಕಾಯಿಯ ದ್ರವ್ಯರಾಶಿ ಕೇಂದ್ರ ಹೆಚ್ಚುಕಡಿಮೆ ನಡುವೆ. ನೀರು ಇಂಗಿದಂತೆ ಮೇಲ್ಭಾಗ ಖಾಲಿಯಾಗಿ ಕೇಂದ್ರ ಕೆಳಗಿಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ನಡುವಿಗೇ ಬರಬೇಕು. ಹಾಗಾದರೆ ಎಲ್ಲೋ ಒಂದು ಕಡೆ ಇಳಿಯುವುದನ್ನು ನಿಲ್ಲಿಸಿ ಹತ್ತಲು ತೊಡಗಬೇಕಲ್ಲ? ಅದು ನೀರಿನ ಮಟ್ಟ ಸರಿಯಾಗಿ ಆ ಕೇಂದ್ರವನ್ನೇ ಮುಟ್ಟಿದ ಗಳಿಗೆ. ಅಲ್ಲಿಯವರೆಗೆ ಕೇಂದ್ರಕ್ಕಿಂತ ಮೇಲಿನ ನೀರು ಹೋಗುತ್ತಿತ್ತು, ಕೇಂದ್ರ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಕೆಳಗಿನ ನೀರು ಹೋಗುತ್ತದೆ, ಕೇಂದ್ರ ಏರುತ್ತದೆ.

“ಮಗಾ, ಅಳ್ಳಾಡ್ಸಿ ನೋಡು, ಲೊಡಲೊಡ ಅಂದ್ರೆ ಕೆಳಕ್ಕೆ ಹಾಕು” ಎಂದು ಕೆಳಗಿನಿಂದ ಅವ್ವನ ಧ್ವನಿ. “ಕಾಯಿ ಕಿವಿಗೆ ಹಿಡೀಬೇಕು, ಮನಸ್ಸಿಗಲ್ಲ.”

ನಾನು ಮಾತ್ರ ಆ ಟೊಳ್ಳಿನಲ್ಲೇ ಕೂತಿದ್ದೆ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಒಂದು ಟೊಳ್ಳು ಗೋಳದ ಪ್ರಮೇಯ ಸಾಧಿಸಿದ್ದಾನೆ. ಎಲ್ಲ ಕಡೆ ಒಂದೇ ದಪ್ಪದ ಚಿಪ್ಪಿನ ಹೊರಗೆ ನಿಂತವನಿಗೆ, ಅದರ ಇಡೀ ದ್ರವ್ಯರಾಶಿ ಕೇಂದ್ರದಲ್ಲೇ ಇದ್ದಂತೆ ಅದು ಎಳೆಯುತ್ತದೆ. ಒಳಗೆ ಕೂತವನಿಗೆ ಮಾತ್ರ ಆ ಚಿಪ್ಪಿನ ಎಳೆತ ಸೊನ್ನೆ, ನಡುವಿನಲ್ಲಿ ಮಾತ್ರವಲ್ಲ, ಒಳಗೆ ಎಲ್ಲಿ ಕೂತರೂ ಸೊನ್ನೆ. ಅತ್ತಲಿನ ಎಳೆತ ಇತ್ತಲಿನದನ್ನು ಅಳಿಸಿಬಿಡುತ್ತದೆ. ಓದಿದಾಗ ಇದೊಂದು ಪ್ರಮೇಯ ಮಾತ್ರ ಸಾಧನೆಯಿಲ್ಲದೆಯೇ ನನಗೆ ಅರ್ಥವಾಗಿತ್ತು. ಅವ್ವ ಪೂರ್ವಕ್ಕೆ ಎಳೆಯುತ್ತಾಳೆ, ಹೆಂಡತಿ ಪಶ್ಚಿಮಕ್ಕೆ, ಮಗಳು ಬೆಂಗಳೂರಿಗೆ, ಭಾವಮೈದುನ ಛತ್ರಕ್ಕೆ. ಹೊರಗಿನವರಿಗೆ ಮನೆಯ ಭಾರವೆಲ್ಲ ಯಜಮಾನನ ಮೇಲೇ ಇದ್ದಂತೆ ಕಾಣುತ್ತದೆ. ಒಳಗೆ ಕೂತ ಯಜಮಾನನಿಗೆ ಏನೊಂದೂ ತಾಗುವುದಿಲ್ಲ. ಆದ್ದರಿಂದಲೇ ಅವನಿಗೆ ಲೇಖನ ಬರೆಯಲು ಪುರುಸೊತ್ತು.

ಅಟ್ಟದಿಂದ ಇಳಿದ ಮೇಲೆ ಚಟ್ನಿಗೆ ಹಸಿಕಾಯಿ ಒಡೆದುಕೊಡಿ ಎಂದಳು ನನ್ನಾಕೆ. ಇದರಲ್ಲಿ ನನಗೆ ಪೂರ್ತಿ ಭರವಸೆ. ಸುಲಿದ ಕಾಯಿಗೆ ಮೂರು ಕಣ್ಣು, ಕಣ್ಣಿನ ಕಡೆಯಿಂದ ಹೊರಟ ಮೂರು ಏಣು. ಆ ಏಣುಗಳಿಗೆ ಅಡ್ಡಲಾಗಿ, ಕಾಯಿಯ ಹೊಟ್ಟೆ ಅತಿ ಅಗಲವಿರುವಲ್ಲಿ, ಮಚ್ಚಿನ ಬೆನ್ನಿನಿಂದ ಏಣಿಗೊಂದು ಏಟಿನಂತೆ ಅಂಗೈಯಲ್ಲಿ ತಿರುಗಿಸುತ್ತಾ ತಟ್ಟಿದರೆ ಭೂಮಧ್ಯರೇಖೆಯ ಗುಂಟ ಬಿರುಕು ಓಡಿ ಸಮ ಹೋಳಾಗುತ್ತದೆ. ಜುಟ್ಟು ಕಿತ್ತೆ. ದಾರ ಸುತ್ತಿ ಪರಿಧಿ ಅಳೆದೆ. ಸೀಮೆಸುಣ್ಣದಲ್ಲಿ ರೇಖೆ ಎಳೆದೆ. ಅಡುಗೆಮನೆಯಲ್ಲಿ ಒಗ್ಗರಣೆ ಕಾದು, ಆರಿ, ಮತ್ತೆ ಕಾಯಿತು. ಏಟು ಹಾಕಿದೆ. ರೇಖೆ ಇದ್ದಲ್ಲೇ ಇತ್ತು. ಬಿರುಕು ತನ್ನ ಪಾಡಿಗೆ ತಾನು ಕಣ್ಣಿನ ಕಡೆ ಹತ್ತಿ ಹೋಯಿತು. ಒಂದು ಹೋಳು ಬಟ್ಟಲಿನಷ್ಟು, ಇನ್ನೊಂದು ಮುಚ್ಚಳದಷ್ಟು. ನೀರು ನನ್ನ ಪಂಚೆಯಷ್ಟು.

“ಇದು ಸಾಮಾನ್ಯ ನಡು ಅಲ್ಲ...” ಎಂದು ಶುರು ಮಾಡಿದೆ.

“ದೊಡ್ಡದು ಚಟ್ನಿಗೆ, ಚಿಕ್ಕದು ಸಾರಿಗೆ. ಸಮ ಹೋಳು ಬೇಕು ಅಂತ ನಿಮಗೆ ಯಾರು ಹೇಳಿದ್ರು?” ಎಂದು ಎರಡನ್ನೂ ಕಸಿದುಕೊಂಡು ಒಳಗೆ ಹೋದಳು.

ನಡು ಎಲ್ಲಿ ಎಂದು ಹುಡುಕುವ ಮೊದಲು ಯಾತಕ್ಕೆ ಎಂದು ಕೇಳಬೇಕು ಎಂಬುದನ್ನು ಹೋಳಿಗೆಯವರು, ಗುಂಡಿಯವನು, ಅವ್ವ ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಿದ್ದರು. ಬೆರಳ ಮೇಲೆ ನಿಲ್ಲಿಸಲು ಒಂದು, ಎಲ್ಲರಿಗೂ ಸಮದೂರಕ್ಕೆ ಒಂದು, ಕಡಿಮೆ ಓಡಾಟಕ್ಕೆ ಒಂದು, ಬಿಸಿಲಿಗೆ ಒಂದು. ಆಕೃತಿ ಅದೇ, ಪ್ರಶ್ನೆ ಬೇರೆ, ಆದ್ದರಿಂದ ಕೇಂದ್ರವೂ ಬೇರೆ. ಮಗಳು ಇದನ್ನು ನೋಟ್ಸಿನಲ್ಲಿ ಬರೆದುಕೊಂಡಳು. ನಾನು ಕಿಂಬರ್ಲಿಂಗರಿಗೆ ಪತ್ರ ಬರೆಯಲು ಕೂತಿದ್ದೇನೆ: ತಮ್ಮ ಪಟ್ಟಿಯಲ್ಲಿ ‘ಚಟ್ನಿಕೇಂದ್ರ’ ಬಿಟ್ಟುಹೋಗಿದೆ, ದಯವಿಟ್ಟು ಒಂದು ನಂಬರು ಕೊಡಿ.